ಒಂದು ಹಳ್ಳದ ನೀರಿನ ಲೆಕ್ಕ ಬರೆಯುವ ಬಗೆ: ವಿಜಯಪುರ ಸೀಮೆಯ ಹೊಸ ಸಂಶೋಧಕರಿಗೆ

ಜಲ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆಯನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ವಿದ್ಯಾರ್ಥಿಗಳಲ್ಲಿ ಹಲವರು ಮೊದಲು ಹಿಡಿಯುವುದು ಸಾಧನವನ್ನು. ಅಂದರೆ ಉಪಗ್ರಹ ಚಿತ್ರವನ್ನೋ, ದತ್ತಾಂಶದಿಂದ ಕಂಪ್ಯೂಟರೇ ಕಲಿತು ಅಂದಾಜು ಮಾಡುವ ಯಂತ್ರ ಕಲಿಕೆಯನ್ನೋ, ಸ್ನೇಹಿತರು ಬಳಸಿದ ಯಾವುದೋ ಸಾಫ್ಟ್‌ವೇರನ್ನೋ. ಪ್ರಶ್ನೆ ಆಮೇಲೆ ಹುಟ್ಟುತ್ತದೆ, ಕೆಲವೊಮ್ಮೆ ಹುಟ್ಟುವುದೇ ಇಲ್ಲ. ಸಾಧನವನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಹಳ್ಳದ ಜಲಾನಯನಕ್ಕೆ (ಆ ಹಳ್ಳಕ್ಕೆ ನೀರು ಹರಿದು ಬರುವ ಇಡೀ ನೆಲಕ್ಕೆ) ಬಂದ ನೀರೆಷ್ಟು, ಹೋದ ನೀರೆಷ್ಟು, ಉಳಿದದ್ದೆಷ್ಟು ಎಂಬ ಜಮಾ-ಖರ್ಚನ್ನು ಒಂದು ಪುಟದಲ್ಲಿ ಬರೆಯಲು ಕಲಿಯಬೇಕು ಎಂಬುದು ಈ ಲೇಖನದ ನಿಲುವು. ಆ ಪುಟದಲ್ಲಿ ಯಾವ ಸಾಲು ತುಂಬಲಾಗದೆ ಖಾಲಿ ಉಳಿಯುತ್ತದೆಯೋ ಅದೇ ನಿಮ್ಮ ಸಂಶೋಧನೆಯ ವಿಷಯ.

ಜಲ ನಿರ್ವಹಣೆಯ ಸಂಶೋಧನೆ ಕಳೆದ ಎರಡು ದಶಕಗಳಲ್ಲಿ ಸಾಗಿರುವ ದಿಕ್ಕೂ ಇದೇ ಆಗಿದೆ. ಇನ್ನಷ್ಟು ನೀರನ್ನು ಎಲ್ಲಿಂದ ತರಬಹುದು ಎಂಬ ಹಳೆಯ ಪ್ರಶ್ನೆಯ ಜಾಗಕ್ಕೆ, ಬಂದ ನೀರು ಯಾರ ಪಾಲಾಗುತ್ತದೆ, ಎಷ್ಟು ಆವಿಯಾಗುತ್ತದೆ, ಎಷ್ಟು ಮರಳಿ ನೆಲಕ್ಕಿಳಿಯುತ್ತದೆ ಎಂಬ ಪ್ರಶ್ನೆಗಳು ಬಂದಿವೆ. ಕಾಲುವೆಯ ನೀರನ್ನೂ ಬಾವಿಯ ನೀರನ್ನೂ ಒಂದೇ ಲೆಕ್ಕದಲ್ಲಿ ನೋಡುವುದು, ನೀರಿನ ಜೊತೆಗೆ ವಿದ್ಯುತ್ತನ್ನೂ ಬೆಳೆಯನ್ನೂ ಸೇರಿಸಿ ನೋಡುವುದು, ಊರಿನವರೇ ಅಳತೆ ಮಾಡುವಂತೆ ಅವರನ್ನು ಅಣಿಗೊಳಿಸುವುದು ಈ ಹೊಸ ಹಾದಿಯ ಮುಖ್ಯ ಕವಲುಗಳು. 2019ರ ಡಿಸೆಂಬರ್‌ನಲ್ಲಿ ಚಾಲನೆ ಪಡೆದ, ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ಅನ್ವಯಿಸಿದ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಬಜೆಟ್ಟನ್ನು ಕಡ್ಡಾಯವಾಗಿ ಕೇಳಿದ್ದರಿಂದ, ಈ ಲೆಕ್ಕ ಈಗ ಕಾಲೇಜಿನ ಗೋಡೆಗಳ ಹೊರಗೂ ಬೇಕಾಗಿದೆ.

ಎಲ್ಲಿ ಅಳೆಯಬೇಕು

ಅಧ್ಯಯನದ ಘಟಕವಾಗಿ ತಾಲ್ಲೂಕನ್ನಾಗಲಿ ಊರನ್ನಾಗಲಿ ಆರಿಸಬೇಡಿ. ಒಂದು ಹಳ್ಳಕ್ಕೆ ನೀರು ಕೊಡುವ, ಸುಮಾರು ಸಾವಿರದಿಂದ ಎರಡು ಸಾವಿರ ಹೆಕ್ಟೇರಿನ ಜಲಾನಯನವನ್ನು ಆರಿಸಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳನಕ್ಷೆ ಮತ್ತು ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ ಎತ್ತರದ ದತ್ತಾಂಶದಿಂದ ದಿಣ್ಣೆಯ ಗೆರೆಯನ್ನು ಎಳೆದುಕೊಂಡು, ಆಮೇಲೆ ಆ ಗೆರೆಯ ಮೇಲೆ ಒಮ್ಮೆ ನಡೆದು ನೋಡಬೇಕು. ರಸ್ತೆಯ ಬದಿಯ ಗಟಾರ, ಕಾಲುವೆಯ ಏರಿ, ಹೊಲದ ದೊಡ್ಡ ಒಡ್ಡು ಇವು ನೀರಿನ ದಾರಿಯನ್ನು ಬದಲಿಸಿರುತ್ತವೆ, ನಕ್ಷೆಯಲ್ಲಿ ಅದು ಕಾಣುವುದಿಲ್ಲ.

ಜಾಗದ ಆಯ್ಕೆಯೇ ಅರ್ಧ ಪ್ರಶ್ನೆಯನ್ನು ನಿರ್ಧರಿಸುತ್ತದೆ. ತಿಕೋಟಾ, ಇಂಡಿ, ಚಡಚಣ ಕಡೆಯ ಮಡ್ಡಿ ನೆಲ ದಖ್ಖನಿನ ಕಪ್ಪು ಬಸಾಲ್ಟ್ ಕಲ್ಲಿನದು. ಲಾವಾ ಪದರದ ಮೇಲೆ ಪದರ ಕೂತಿರುವ ಈ ಕಲ್ಲಿನಲ್ಲಿ ಗಟ್ಟಿ ಪದರ ನೀರನ್ನು ಬಿಡುವುದಿಲ್ಲ, ಅದರ ಮೇಲಿನ ರಂಧ್ರಮಯ ಪದರ ಮತ್ತು ಸೀಳುಗಳು ಮಾತ್ರ ಹಿಡಿದಿಟ್ಟುಕೊಳ್ಳುತ್ತವೆ. ಬಾಗಲಕೋಟೆ ಜಿಲ್ಲೆಯಲ್ಲಿ ಬಾದಾಮಿಯ ಮರಳುಗಲ್ಲು, ಲೋಕಾಪುರದ ಸುಣ್ಣಕಲ್ಲು ಬೇರೆಯೇ ಬಗೆಯವು. ಬೆಳಗಾವಿಯ ಖಾನಾಪುರದಲ್ಲಿ ಘಟ್ಟದ ಮಳೆ ಸುರಿಯುತ್ತದೆ. ಒಂದು ಕಡೆ ಸಿಕ್ಕ ಅಂಕಿಯನ್ನು ಇನ್ನೊಂದು ಕಡೆಗೆ ಎತ್ತಿ ಇಡುವ ಪ್ರಬಂಧಗಳು ಎಷ್ಟೇ ಅಂದವಾಗಿ ಮುದ್ರಣಗೊಂಡರೂ ಪ್ರಯೋಜನಕ್ಕೆ ಬರುವುದಿಲ್ಲ. ಗಟ್ಟಿಶಿಲೆಯ ನೆಲದ ಜಲವಿಜ್ಞಾನಕ್ಕೆಂದೇ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ 1987ರಿಂದ ಬೆಳಗಾವಿಯಲ್ಲಿದೆ. ಜಾಗ ಆರಿಸುವ ಮುನ್ನ ಅಲ್ಲಿಯ ವರದಿಗಳನ್ನು ಓದುವುದು ಒಳ್ಳೆಯದು.

ಮಳೆ ಮತ್ತು ಎರಿ ಭೂಮಿ

ವಿಜಯಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ, ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನ ಕೆಲವೇ ದಿನಗಳಲ್ಲಿ ಬೀಳುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿರುವುದರಿಂದ ದತ್ತಾಂಶಕ್ಕೆ ಕೊರತೆಯಿಲ್ಲ. ಆದರೂ ಹೊಲದ ಈ ಬದುವಿನಲ್ಲಿ ಸುರಿದು ಆ ಬದುವಿನಲ್ಲಿ ಸುರಿಯದ ಮಳೆಯ ಸೀಮೆ ಇದು. ಜಲಾನಯನದ ಮೇಲ್ತುದಿಗೊಂದು, ಕೆಳತುದಿಗೊಂದು ಸಾದಾ ಮಳೆಮಾಪಕವನ್ನು ನೀವೇ ಇಟ್ಟು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಓದಿಸಿ.

ಮಳೆಯ ಮೊತ್ತಕ್ಕಿಂತ ಅದು ಬಿದ್ದ ಹೊತ್ತು ಮತ್ತು ರಭಸ ಮುಖ್ಯ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಭೂಮಿ (ಕಪ್ಪು ಮಣ್ಣಿನ ನೆಲ) ಮೊದಲ ಮಳೆಯ ನೀರನ್ನು ಬಿರುಕಿನ ಮೂಲಕ ಆಳಕ್ಕೆ ಕುಡಿಯುತ್ತದೆ. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಇಂಗುವ ವೇಗ ಬಹಳ ಇಳಿದು, ಅದೇ ಪ್ರಮಾಣದ ಮಳೆ ಹಳ್ಳಕ್ಕೆ ಹರಿಯುತ್ತದೆ. ವರ್ಷದ ಒಟ್ಟು ಮಳೆಯನ್ನಷ್ಟೇ ಹಾಕಿ ಲೆಕ್ಕ ಕಟ್ಟಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಆರಂಭವಾದದ್ದು ಈ ಮಣ್ಣಿನ ಕಾರಣಕ್ಕೆ. ಮುಂಗಾರಿಯಲ್ಲಿ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ, ನೀರನ್ನು ಬಿದ್ದಲ್ಲಿಯೇ ನಿಲ್ಲಿಸಿ, ಆ ಹಸಿಯ ಮೇಲೆ ಹಿಂಗಾರಿ ಜೋಳ ಬೆಳೆಯುವ ಪದ್ಧತಿಯ ಬಗ್ಗೆ ಹಿಟ್ಟಿನಹಳ್ಳಿ ಫಾರ್ಮ್‌ನಲ್ಲಿರುವ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಲ್ಲಿ ದೀರ್ಘಕಾಲದ ಕೆಲಸ ನಡೆದಿದೆ. ನಿಮ್ಮ ಜಲಾನಯನದಲ್ಲಿ ಎಷ್ಟು ಎಕರೆ ಚೌಕು ಮಡಿಯಾಗಿದೆ ಎಂಬುದನ್ನು ಸರ್ವೆ ನಂಬರಿನೊಂದಿಗೆ ಗುರುತಿಸಿಕೊಳ್ಳಿ. ಮಣ್ಣಿನಲ್ಲಿ ನಿಂತ ಹಸಿ ಬಾವಿಯ ಮಟ್ಟದಲ್ಲಿ ಕಾಣಿಸುವುದಿಲ್ಲವಾದರೂ ಊರಿನ ಕಾಳು ಬರುವುದು ಅದರಿಂದಲೇ.

ಬಾವಿಯ ಮಟ್ಟ

ಇಡೀ ಲೆಕ್ಕದ ಬೆನ್ನೆಲುಬು ಬಾವಿಯ ಅಳತೆ. ಅದಕ್ಕೆ ಬೇಕಾದದ್ದು ತುದಿಗೆ ಭಾರ ಕಟ್ಟಿದ ಒಂದು ಉಕ್ಕಿನ ಟೇಪು, ಸೀಮೆಸುಣ್ಣದ ತುಂಡು, ಸ್ವಲ್ಪ ಬಣ್ಣ. ಬಾವಿಯ ಕಟ್ಟೆಯ ಮೇಲೆ ಒಂದು ಜಾಗದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಟೇಪು ಇಳಿಸಬೇಕು. ಟೇಪಿನ ಕೆಳಗಿನ ಒಂದೆರಡು ಮೀಟರಿಗೆ ಸೀಮೆಸುಣ್ಣ ತಿಕ್ಕಿ, ತುದಿ ನೀರಿನೊಳಗೆ ಮುಳುಗುವಂತೆ ಪೂರ್ಣ ಮೀಟರಿನ ಗುರುತಿನವರೆಗೆ ಇಳಿಸಿ, ಮೇಲೆತ್ತಿ, ಸುಣ್ಣ ಒದ್ದೆಯಾಗಿ ಬಣ್ಣ ಬದಲಿಸಿದ ಗೆರೆಯನ್ನು ಓದಬೇಕು. ಕಟ್ಟೆಯ ಬಳಿ ಹಿಡಿದ ಅಂಕಿಯಿಂದ ಒದ್ದೆಯಾದ ಉದ್ದವನ್ನೂ ಕಟ್ಟೆಯ ಎತ್ತರವನ್ನೂ ಕಳೆದರೆ ನೆಲಮಟ್ಟದಿಂದ ನೀರಿನ ಆಳ ಸಿಗುತ್ತದೆ. ಕಟ್ಟೆಯ ಎತ್ತರ ಕಳೆಯದೆ ಬರೆದ ಅಂಕಿಗಳು ಸುತ್ತಲ ಬಾವಿಗಳ ಜೊತೆ ಹೊಂದುವುದಿಲ್ಲ, ಎಲ್ಲಿ ತಪ್ಪಿತು ಎಂದು ಆಮೇಲೆ ಹುಡುಕುವುದೂ ಕಷ್ಟ.

ಪಂಪು ನಡೆಯುತ್ತಿರುವಾಗ ಅಥವಾ ಈಗಷ್ಟೇ ನಿಂತಾಗ ಅಳೆದರೆ ಸಿಗುವುದು ಎಳೆತದ ಮಟ್ಟವೇ ಹೊರತು ನೆಲದ ಮಟ್ಟವಲ್ಲ. ಹಗಲು-ರಾತ್ರಿ ಪಾಳಿಯಲ್ಲಿ ಬರುವ ಮೂರು ಫೇಸ್ ಕರೆಂಟಿನ ವೇಳೆಯನ್ನು ಮೊದಲೇ ತಿಳಿದುಕೊಂಡು, ಪಂಪು ಕನಿಷ್ಠ ಒಂದು ರಾತ್ರಿಯಾದರೂ ನಿಂತಿದ್ದ ಬೆಳಿಗ್ಗೆ ಹೋಗಬೇಕು. ರಾತ್ರಿ ಪಾಳಿಯ ವಾರದಲ್ಲಿ ಅಳತೆಗೆ ಹೋಗುವುದು ದಂಡ. ಕೇಂದ್ರ ಅಂತರ್ಜಲ ಮಂಡಳಿ ಸಾಮಾನ್ಯವಾಗಿ ಜನವರಿ, ಮೇ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನಿಮ್ಮ ದಿನಾಂಕಗಳನ್ನು ಅದಕ್ಕೆ ಹೊಂದಿಸಿಕೊಂಡರೆ ಹೋಲಿಕೆಗೆ ಅನುಕೂಲ, ತಿಂಗಳಿಗೊಮ್ಮೆ ಅಳೆದರೆ ಇನ್ನೂ ಉತ್ತಮ. ತೆರೆದ ಬಾವಿಯ ಅಂಕಿಗಳನ್ನೂ ಬೋರಿನ ಅಂಕಿಗಳನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಆಳದ ಬೋರು ಎರಡು ಮೂರು ಪದರಗಳ ನೀರನ್ನು ಒಟ್ಟಿಗೆ ತೋರಿಸುತ್ತದೆ. ಅದರ ಸರಾಸರಿಗೆ ಅರ್ಥವಿಲ್ಲ.

ಇಂಗಿದ್ದು ಎಷ್ಟು

ಸಾವಿರ ಹೆಕ್ಟೇರಿನ ಜಲಾನಯನದಲ್ಲಿ 580 ಮಿ.ಮೀ. ಮಳೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ 10 ಘನ ಮೀಟರ್. ಆದ್ದರಿಂದ ಒಟ್ಟು 58 ಲಕ್ಷ ಘನ ಮೀಟರ್ ಆಯಿತು. ಅಂತರ್ಜಲ ಅಂದಾಜಿಗೆಂದು ಕೇಂದ್ರ ಸರಕಾರದ ಸಮಿತಿ ರೂಪಿಸಿದ ವಿಧಾನದಲ್ಲಿ, ಶಿಥಿಲಗೊಂಡ ಬಸಾಲ್ಟಿಗೆ ಮಳೆಯ ಶೇ 7, ರಂಧ್ರ ಮತ್ತು ಸೀಳುಗಳುಳ್ಳ ಬಸಾಲ್ಟಿಗೆ ಶೇ 13 ಇಂಗುತ್ತದೆ ಎಂಬ ಶಿಫಾರಸಿದೆ. ಮೊದಲನೆಯದರಿಂದ ಸುಮಾರು 4 ಲಕ್ಷ, ಎರಡನೆಯದರಿಂದ ಸುಮಾರು 7.5 ಲಕ್ಷ ಘನ ಮೀಟರ್ ಬರುತ್ತದೆ. ಕಲ್ಲಿನ ಬಗೆಯನ್ನು ಹೇಗೆ ಹೆಸರಿಸಿದಿರಿ ಎಂಬ ಒಂದೇ ಕಾರಣಕ್ಕೆ ಉತ್ತರ ಹೆಚ್ಚುಕಡಿಮೆ ದುಪ್ಪಟ್ಟಾಗುವುದನ್ನು ಗಮನಿಸಿ. ಕಂಪ್ಯೂಟರಿನಲ್ಲಿ ಹನ್ನೆರಡು ದಶಮಾಂಶ ಸ್ಥಾನಗಳವರೆಗೆ ಬರುವ ಉತ್ತರದ ಅಡಿಪಾಯ ಇಷ್ಟೇ.

ಅದಕ್ಕಾಗಿಯೇ ಇನ್ನೊಂದು ದಾರಿಯಿಂದ ತಾಳೆ ನೋಡಬೇಕು. ಮೇ ತಿಂಗಳಿಂದ ನವೆಂಬರಿಗೆ ಬಾವಿಗಳ ಮಟ್ಟ ಸರಾಸರಿ 4 ಮೀಟರ್ ಏರಿದ್ದರೆ, ಬಸಾಲ್ಟಿನ ನೀರು ಬಿಡುವ ಪ್ರಮಾಣವನ್ನು (ಕಲ್ಲಿನ ಒಟ್ಟು ಗಾತ್ರದಲ್ಲಿ ಅದು ಬಿಟ್ಟುಕೊಡುವ ನೀರಿನ ಪಾಲನ್ನು) ಶೇ 2 ಎಂದು ಹಿಡಿದಾಗ ಸಂಗ್ರಹದಲ್ಲಿ ಸೇರಿದ್ದು 8 ಲಕ್ಷ ಘನ ಮೀಟರ್. ಶೇ 1 ಎಂದರೆ 4 ಲಕ್ಷ, ಶೇ 3 ಎಂದರೆ 12 ಲಕ್ಷ. ಮಳೆಗಾಲದಲ್ಲಿಯೇ ಎತ್ತಿ ಬಳಸಿದ ನೀರನ್ನು ಇದಕ್ಕೆ ಕೂಡಿಸಬೇಕು, ಕೆರೆ-ಕಾಲುವೆಗಳಿಂದ ಇಂಗಿದ್ದನ್ನು ಕಳೆಯಬೇಕು. ಎರಡೂ ದಾರಿಯ ಉತ್ತರಗಳ ನಡುವೆ ಶೇ 20ಕ್ಕಿಂತ ಹೆಚ್ಚು ಅಂತರವಿದ್ದರೆ ಮಟ್ಟದ ಏರಿಕೆಯಿಂದ ಬಂದ ಅಂಕಿಯನ್ನು ಹಾಗೆಯೇ ಒಪ್ಪಕೂಡದೆಂದು ಸಮಿತಿಯ ವಿಧಾನವೇ ಹೇಳುತ್ತದೆ. ಪ್ರಬಂಧದಲ್ಲಿ ಒಂದೇ ಅಂಕಿಯನ್ನು ಬರೆಯದೆ, ಕೆಳಗಿನ ಮತ್ತು ಮೇಲಿನ ಮಿತಿಗಳೆರಡನ್ನೂ ಬರೆಯಿರಿ.

ಎತ್ತಿದ್ದು, ಕುಡಿದದ್ದು

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಗಿರುವುದರಿಂದ ರೈತರ ಬಿಲ್ಲು ನೋಡಿ ನೀರೆತ್ತಿದ ಪ್ರಮಾಣವನ್ನು ತಿಳಿಯಲಾಗದು. ಹಲವು ಪಂಪುಗಳಿಗೆ ಒಟ್ಟಿಗೆ ವಿದ್ಯುತ್ ಒಯ್ಯುವ ಫೀಡರ್ ಮಾರ್ಗದ ಮೀಟರಿನಿಂದ ಒಟ್ಟು ಅಂದಾಜು ಸಿಗುತ್ತದೆ, ಬಿಡಿಬಿಡಿಯಾಗಿ ತಿಳಿಯಲು ಹೊಲಕ್ಕೇ ಹೋಗಬೇಕು. ರೈತರು ಬೋರಿನ ನೀರನ್ನು ‘ಒಂದೂವರೆ ಇಂಚು’, ‘ಎರಡಿಂಚು’ ಎಂದು ಹೇಳುತ್ತಾರೆ. ಅದನ್ನು ಪುಸ್ತಕದ ಕೋಷ್ಟಕ ಹಿಡಿದು ಲೀಟರಿಗೆ ಪರಿವರ್ತಿಸುವ ಬದಲು 200 ಲೀಟರಿನ ಬ್ಯಾರೆಲ್ ಒಂದನ್ನು ಪೈಪಿನ ಬಾಯಿಗೆ ಇಟ್ಟು ಸಮಯ ನೋಡಿ. ಅದು 80 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 9,000 ಲೀಟರ್. ದಿನಕ್ಕೆ ಆರು ಗಂಟೆಯಂತೆ 150 ದಿನ ನಡೆದರೆ 8,100 ಘನ ಮೀಟರ್. ಬೇಸಿಗೆಯಲ್ಲಿ ಅದೇ ಬೋರು ಅದೇ ಬ್ಯಾರೆಲ್ಲನ್ನು ತುಂಬಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದ್ದರಿಂದ ಫೆಬ್ರುವರಿಯಲ್ಲೂ ಏಪ್ರಿಲ್‌ನಲ್ಲೂ ಅಳೆಯಬೇಕು.

ಈ ಅಂಕಿಯನ್ನು ಬೆಳೆಯ ಎದುರಿಗೆ ಇಟ್ಟು ನೋಡಿ. ಕಬ್ಬಿಗೆ ವರ್ಷಕ್ಕೆ 1,500ರಿಂದ 2,500 ಮಿ.ಮೀ. ನೀರು ಬೇಕು. ಕನಿಷ್ಠವನ್ನೇ ಹಿಡಿದು, ಮಳೆಯಿಂದ 400 ಮಿ.ಮೀ. ದಕ್ಕಿತೆಂದರೂ, ಹೆಕ್ಟೇರಿಗೆ 11,000 ಘನ ಮೀಟರನ್ನು ನೆಲದಿಂದ ಎತ್ತಿ ಕೊಡಬೇಕಾಗುತ್ತದೆ. ಮೇಲಿನ ಜಲಾನಯನದಲ್ಲಿ ಇಂಗಿದ 4 ಲಕ್ಷ ಘನ ಮೀಟರ್ ಪೂರ್ತಿ ಕಬ್ಬಿಗೇ ಹೋದರೂ ಸಾಲುವುದು ಸುಮಾರು 90 ಎಕರೆಗೆ ಮಾತ್ರ, ಅದೂ ಕುಡಿಯುವ ನೀರಿಗೆ, ದನಕರುಗಳಿಗೆ ಒಂದು ಹನಿಯನ್ನೂ ಬಿಡದೆ. ಸಾವಿರ ಹೆಕ್ಟೇರು ಎಂದರೆ ಸುಮಾರು 2,470 ಎಕರೆ. ಗ್ರಾಮಸಭೆಯಲ್ಲಿ ಈ ಎರಡು ಅಂಕಿಗಳನ್ನು ಒಟ್ಟಿಗೆ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇಲ್ಲಿಂದ ಮುಂದಿನದು ಈಗಿನ ಸಂಶೋಧನೆಯಲ್ಲಿ ಹೆಚ್ಚು ಚರ್ಚೆಗೊಳಗಾಗಿರುವ, ನಮ್ಮ ಭಾಗಕ್ಕೆ ಬಹಳ ಬೇಕಾದ ವಿಷಯ. ಎತ್ತಿದ ನೀರೆಲ್ಲ ಖರ್ಚಾದ ನೀರಲ್ಲ. ಸಾಲಿನಲ್ಲಿ ಹಾಯಿಸಿದ ನೀರಿನ ಒಂದು ಪಾಲು ಕೆಳಗಿಳಿದು ಮತ್ತೆ ಬಾವಿಗೆ ಸೇರುತ್ತದೆ. ಎಲೆಯಿಂದ, ಮಣ್ಣಿನಿಂದ ಆವಿಯಾಗಿ ಹೋದದ್ದು ಮಾತ್ರ ಜಲಾನಯನದಿಂದ ಹೋದಂತೆ. ಹನಿ ನೀರಾವರಿ ಹಾಕಿದಾಗ ಎಕರೆಗೆ ಕೊಡುವ ನೀರು ಕಡಿಮೆಯಾಗುವುದು ನಿಜವಾದರೂ, ಮರಳಿ ಇಂಗುತ್ತಿದ್ದ ಪಾಲೂ ಅದರ ಜೊತೆಗೇ ಕಡಿಮೆಯಾಗುತ್ತದೆ. ‘ಉಳಿದ’ ನೀರಿನಿಂದ ರೈತ ಇನ್ನೆರಡು ಎಕರೆ ದ್ರಾಕ್ಷಿಯನ್ನೋ ದಾಳಿಂಬೆಯನ್ನೋ ಹಚ್ಚಿದರೆ ಒಟ್ಟು ಆವಿಯಾಗುವ ನೀರು ಮೊದಲಿಗಿಂತ ಹೆಚ್ಚಾಗುತ್ತದೆ. ಇದರಲ್ಲಿ ರೈತನ ತಪ್ಪೇನೂ ಇಲ್ಲ, ಆದಾಯ ಹೆಚ್ಚುವ ಕೆಲಸವನ್ನು ಯಾರೇ ಆದರೂ ಮಾಡುತ್ತಾರೆ. ಆದರೆ ಹನಿ ನೀರಾವರಿಯಿಂದ ಇಂತಿಷ್ಟು ನೀರು ಉಳಿಯಿತು ಎಂದು ಪ್ರಬಂಧದಲ್ಲಿ ಬರೆಯುವ ಮೊದಲು, ಹನಿ ಪೈಪು ಬರುವ ಮುಂಚೆ ಎಷ್ಟು ಎಕರೆ ನೀರಾವರಿಯಿತ್ತು, ಈಗ ಎಷ್ಟಿದೆ, ನಡುವಿನ ಬೆಳೆ ಯಾವುದು ಎಂಬುದನ್ನು ಉತಾರ (ಪಹಣಿ) ಮತ್ತು ಉಪಗ್ರಹ ಚಿತ್ರ ಎರಡರಿಂದಲೂ ಖಚಿತಪಡಿಸಿಕೊಳ್ಳುವುದು ಸಂಶೋಧಕರ ಹೊಣೆ. ಹುನಗುಂದ ತಾಲ್ಲೂಕಿನಲ್ಲಿ 24,000 ಹೆಕ್ಟೇರಿಗೆಂದು ರೂಪಿಸಿದ ರಾಮಥಾಳದ ಸಾಮೂಹಿಕ ಹನಿ ನೀರಾವರಿ ಯೋಜನೆ ಇಂಥ ಪ್ರಶ್ನೆಗಳಿಗೆ ತಕ್ಕ ಜಾಗ: ಅಲ್ಲಿ ನೀರು ಬಾವಿಯದ್ದಲ್ಲ, ನಾರಾಯಣಪುರ ಜಲಾಶಯದ ಹಿನ್ನೀರಿನದು, ಆದ್ದರಿಂದ ಹೊಲದಲ್ಲಿ ಇಂಗುವ ಪಾಲಿನ ಲೆಕ್ಕವೇ ಬೇರೆಯಾಗುತ್ತದೆ.

ಉಪಗ್ರಹದ ಮಿತಿ

ಆವಿಯಾಗುವ ನೀರನ್ನು ಆಕಾಶದಿಂದ ಅಳೆಯುವ ವಿಧಾನಗಳು 1990ರ ದಶಕದಿಂದ ಬೆಳೆದಿವೆ. ನೀರು ಬಿಡುತ್ತಿರುವ ಬೆಳೆ ತಂಪಾಗಿ, ಒಣಗಿದ ನೆಲ ಬಿಸಿಯಾಗಿ ಕಾಣುತ್ತದೆ ಎಂಬುದೇ ಅವುಗಳ ತತ್ವ. ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಉಷ್ಣ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ಮೂಲದಲ್ಲಿ ಸುಮಾರು 100 ಮೀಟರ್ ಅಗಲದ್ದು, ಅಂದರೆ ಎರಡೂವರೆ ಎಕರೆ. ಅದರೊಳಗೆ ಒಬ್ಬರ ಲಿಂಬೆ ತೋಟ, ಇನ್ನೊಬ್ಬರ ತೊಗರಿ, ಮತ್ತೊಬ್ಬರ ಬೀಳು ಮೂರೂ ಕಲಸಿಹೋಗಿರುತ್ತವೆ. ಬೆಳೆಯ ಹರಡುವಿಕೆಗೆ ಸೆಂಟಿನೆಲ್-2 ಉಪಗ್ರಹ ಉತ್ತಮ. 10 ಮೀಟರಿನ ಚುಕ್ಕೆಯಾದ್ದರಿಂದ ಒಂದು ಎಕರೆಗೆ ಸುಮಾರು 40 ಚುಕ್ಕೆಗಳು ಸಿಗುತ್ತವೆ. ಮುಂಗಾರಿನ ಮೋಡದಲ್ಲಿ ಇವೆರಡೂ ಕುರುಡು, ಆಗ ರಾಡಾರ್ ಉಪಗ್ರಹವಾದ ಸೆಂಟಿನೆಲ್-1 ಬೇಕು. 2002ರಿಂದ 2017ರವರೆಗೆ ಕೆಲಸ ಮಾಡಿದ ಗ್ರೇಸ್ ಜೋಡಿ ಉಪಗ್ರಹಗಳು ಮತ್ತು 2018ರಲ್ಲಿ ಹಾರಿದ ಅವುಗಳ ಉತ್ತರಾಧಿಕಾರಿಗಳು ನೆಲದ ಮೇಲಿನ ಮತ್ತು ಒಳಗಿನ ಒಟ್ಟು ನೀರಿನ ತೂಕದ ಏರಿಳಿತವನ್ನೇ ಅಳೆಯುತ್ತವೆ, ಆದರೆ ನೂರಾರು ಕಿಲೋಮೀಟರ್ ಅಗಲದ ಸರಾಸರಿಯಲ್ಲಿ, ಅದರಿಂದ ಅಂತರ್ಜಲವನ್ನು ಬೇರ್ಪಡಿಸಿ ಲೆಕ್ಕ ಹಾಕಬೇಕು. ಅದನ್ನು ಹಿಡಿದು ಒಂದು ತಾಲ್ಲೂಕಿನ ಬಗ್ಗೆ ಮಾತಾಡುವ ಪ್ರಬಂಧ ಕೈಗೆ ಬಂದರೆ ಮುಚ್ಚಿಡಬಹುದು.

ಯಂತ್ರ ಕಲಿಕೆಯ ಬಗ್ಗೆ ಒಂದೇ ಮಾತು: ಒಂದು ಬಾವಿಯನ್ನು ವರ್ಷಕ್ಕೆ ನಾಲ್ಕು ಸಲದಂತೆ ಹತ್ತು ವರ್ಷ ಅಳೆದರೆ ಸಿಗುವುದು 40 ಅಂಕಿಗಳು, ಅಷ್ಟಕ್ಕೆ ಯಾವ ಯಂತ್ರವೂ ಹೆಚ್ಚೇನನ್ನೂ ಕಲಿಯಲಾರದು.

ಸವಳು-ಜವಳು

ಮಟ್ಟ ಅಳೆದ ದಿನವೇ ನೀರಿನ ಉಪ್ಪನ್ನೂ ಅಳೆಯಬೇಕು. ಉಪ್ಪು ಹೆಚ್ಚಿದಷ್ಟೂ ನೀರಿನ ವಿದ್ಯುದ್ವಾಹಕತೆ ಏರುತ್ತದೆ. ಕೈಯಲ್ಲಿ ಹಿಡಿಯುವ ವಿದ್ಯುದ್ವಾಹಕತೆಯ ಮೀಟರಿನಲ್ಲಿ ಅಂಕಿ ಸೆಂಟಿಮೀಟರಿಗೆ 700 ಮೈಕ್ರೊಸೀಮನ್ಸ್ ಒಳಗಿದ್ದರೆ ನೀರಾವರಿಗೆ ಚಿಂತೆಯಿಲ್ಲ, 3,000 ದಾಟಿದರೆ ತೀವ್ರ ನಿರ್ಬಂಧ ಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ. ಡೋಣಿ ನದಿಯ ಕಣಿವೆಯಲ್ಲಿ ಉಪ್ಪು ಮೊದಲಿನಿಂದಲೂ ಇದೆ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟುಗಳ ಎರಿ ಭೂಮಿಯಲ್ಲಿ ಕಾಲುವೆ ಬಂದ ಮೇಲೆ ನೀರು ಮೇಲೇರಿ, ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟು ಹೊಲಗಳನ್ನು ಸವಳು-ಜವಳು ಮಾಡಿದೆ. ಮಟ್ಟ ನೆಲದಿಂದ 2 ಮೀಟರಿನೊಳಗೆ ಬಂದರೆ ಜವಳು ಎಂದು ಪರಿಗಣಿಸುವ ಮಾನದಂಡವಿದೆ. ಹೀಗಾಗಿ ತಿಕೋಟಾದ ಮಡ್ಡಿಯಲ್ಲಿ ಸಂತೋಷಪಡಬೇಕಾದ ಎರಡು ಮೀಟರ್ ಏರಿಕೆ, ಕಾಲುವೆಯ ಕೆಳಗಿನ ತಗ್ಗಿನಲ್ಲಿ ರೋಗದ ಲಕ್ಷಣ. ಅಚ್ಚುಕಟ್ಟಿನ ಒಳಗಿನ ಮತ್ತು ಹೊರಗಿನ ಬಾವಿಗಳ ಸರಾಸರಿಯನ್ನು ಒಟ್ಟಿಗೆ ಹಾಕಿದರೆ ರೋಗವೂ ಕಾಣದು, ಗುಣವೂ ಕಾಣದು. ಬೇರೆ ಬೇರೆ ಕೋಷ್ಟಕ ಮಾಡಿ.

ಏತ ನೀರಾವರಿಯಿಂದ ಕೆರೆ ತುಂಬಿಸಿದ ಜಲಾನಯನವಾದರೆ ಹೊರಗಿನಿಂದ ಬಂದ ಆ ನೀರನ್ನು ಪ್ರತ್ಯೇಕ ಜಮೆಯಾಗಿ ಬರೆಯಬೇಕು. ಕೆರೆಯಂಗಳದಲ್ಲಿ ಒಂದು ಅಳತೆಗಂಬ ನೆಟ್ಟು, ನೀರು ಬಿಡದ ದಿನಗಳಲ್ಲಿ ಮಟ್ಟ ಎಷ್ಟು ಇಳಿಯಿತು ಎಂದು ನೋಡಿ, ಅದರಲ್ಲಿ ಆವಿಯಾದದ್ದನ್ನು ಕಳೆದರೆ ಇಂಗಿದ್ದರ ಅಂದಾಜು ಸಿಗುತ್ತದೆ. ವಿಜಯಪುರ ನಗರದಲ್ಲಿಯೇ ಕೆಲಸ ಮಾಡುವವರಿಗೆ ಆದಿಲ್‌ಶಾಹಿ ಕಾಲದ ಜಲವ್ಯವಸ್ಥೆ ಕಾದಿದೆ: ತೊರವಿಯ ಸುರಂಗ ಬಾವಿ, 1651ರ ಬೇಗಂ ತಾಲಾಬ್, ನೀರಿನ ಒತ್ತಡ ಕಾಯುತ್ತಿದ್ದ ಗಂಜ್ ಗೋಪುರಗಳು, 1620ರ ತಾಜ್ ಬಾವಡಿ. ಅವುಗಳ ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ. ಬಾವಡಿಗಳ ಮಟ್ಟವನ್ನೂ ಉಪ್ಪನ್ನೂ ತಿಂಗಳಿಗೊಮ್ಮೆ ಅಳೆದು, ಸುತ್ತಲಿನ ಬೋರುಗಳ ಜೊತೆ ಹೋಲಿಸಿದರೆ ಅದೇ ಒಂದು ಒಳ್ಳೆಯ ಪ್ರಬಂಧವಾಗುತ್ತದೆ.

ಬರೆದು ಒಪ್ಪಿಸುವುದು

ಒಂದು ವರ್ಷದ ಲೆಕ್ಕದಿಂದ ಪ್ರವೃತ್ತಿಯನ್ನು ಹೇಳಲಾಗದು. ಎರಡು ಮಳೆಗಾಲ ಅಳೆಯಬೇಕು, ಅವುಗಳಲ್ಲೊಂದು ಬರದ್ದಾದರೆ ಅಧ್ಯಯನಕ್ಕೆ ಒಳ್ಳೆಯದು. ಹಳೆಯ ವರ್ಷಗಳಿಗೆ ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಯಲ್ಲಿ ವೀಕ್ಷಣಾ ಬಾವಿಗಳ ದಾಖಲೆ ಕೇಳಿ, ಕೇಂದ್ರ ಸರಕಾರದ ಜಲ ಮಾಹಿತಿ ಜಾಲತಾಣವಾದ ಇಂಡಿಯಾ-ವ್ರಿಸ್‌ನ ಅಂಕಿಗಳ ಜೊತೆ ತಾಳೆ ಹಾಕಿ. ಅಂತರ್ಜಲ ಬಳಕೆ ವಾರ್ಷಿಕ ಲಭ್ಯತೆಯ ಶೇ 70 ಮೀರದಿದ್ದರೆ ಸುರಕ್ಷಿತ, ಶೇ 90ರವರೆಗೆ ಅರೆ-ಗಂಭೀರ, ಶೇ 100ರವರೆಗೆ ಗಂಭೀರ, ಅದಕ್ಕೂ ಮೀರಿದರೆ ಅತಿಬಳಕೆ ಎಂಬ ಸರಕಾರಿ ವರ್ಗೀಕರಣ ತಾಲ್ಲೂಕು ಮಟ್ಟದ್ದು. ನಿಮ್ಮ ಹಳ್ಳ ಅದೇ ವರ್ಗಕ್ಕೆ ಸೇರಬೇಕೆಂದಿಲ್ಲ, ಸೇರದಿದ್ದರೆ ಏಕೆ ಎಂಬುದನ್ನು ಬರೆಯಿರಿ.

ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಪ್ರತಿಯ ಜೊತೆಗೆ, ಬಾವಿ ತೋರಿಸಿದ ಊರಿಗೆ ಕನ್ನಡದಲ್ಲಿ ಎರಡು ಪುಟದ ಪ್ರತಿ ಸಿದ್ಧಪಡಿಸಬೇಕು. ಅದರಲ್ಲಿ ರೈತರ ಹೆಸರಾಗಲಿ ಸರ್ವೆ ನಂಬರಾಗಲಿ ಬೇಡ. ಯಾರ ಬೋರು ಎಷ್ಟು ಎಳೆಯುತ್ತದೆ ಎಂಬುದು ಊರೊಳಗೆ ಜಗಳದ ಮಾತು, ಅದನ್ನು ಬಹಿರಂಗಪಡಿಸುವ ಒಪ್ಪಿಗೆಯನ್ನು ಯಾರೂ ನಿಮಗೆ ಕೊಟ್ಟಿಲ್ಲ. ಘನ ಮೀಟರಿನ ಜಾಗದಲ್ಲಿ ಎಕರೆ ಮತ್ತು ಅಡಿಗಳನ್ನು ಬಳಸಿ, ಮಿತಿಗಳೆರಡನ್ನೂ ಅಲ್ಲಿಯೂ ಕೊಡಿ. ಬಣ್ಣದ ಗುರುತು ಹಾಕಿದ ಬಾವಿಗಳ ಪಟ್ಟಿ, ಅಳತೆಯ ವಹಿ, ಟೇಪು, ಮಳೆಮಾಪಕ ಇವನ್ನು ಪಂಚಾಯಿತಿಯಲ್ಲೋ ಊರಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಲ್ಲೋ ಬಿಟ್ಟು, ಮುಂದಿನ ಮೇ ತಿಂಗಳ ಅಳತೆಯನ್ನು ಅವರೊಂದಿಗೆ ನಿಂತು ಒಮ್ಮೆ ಮಾಡಿಸಿ ಬನ್ನಿ.